ಕಾಡಿಗೆಯನ್ನು ಕಾಣದ ಕಣ್ಣು: ಗುಣ-ದೋಷ ವಿಚಾರ ಮತ್ತು ಬರವಣಿಗೆಯ ಬೋಧನೆ

1

‘ಉತ್ತಮ ಬರವಣಿಗೆಯ ಗುಣಗಳಾವುವು?’ ಎಂಬ ಪ್ರಶ್ನೆ ನಮ್ಮ ಭಾಷಾ ತರಗತಿಗಳಿಗೆ ಹೊಸದಲ್ಲ. ಸರಳತೆ, ಸ್ಪಷ್ಟತೆ, ಸಂಕ್ಷಿಪ್ತತೆ, ಕ್ರಮಬದ್ಧತೆ, ಶುದ್ಧತೆ ಎಂಬ ಪಟ್ಟಿಯೊಂದು ಅದಕ್ಕೆ ಉತ್ತರವಾಗಿ ಸಿದ್ಧವಿದೆ. ವಿದ್ಯಾರ್ಥಿಗಳು ಅದನ್ನು ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆಯುತ್ತಾರೆ. ಸಂಕ್ಷಿಪ್ತತೆಯನ್ನು ಕುರಿತ ಆ ಉತ್ತರವೇ ಎರಡು ಪುಟಗಳಷ್ಟು ಬೆಳೆದಿರುತ್ತದೆ ಎಂಬುದು ಬರೆದವರ ಗಮನಕ್ಕೂ ಬರುವುದಿಲ್ಲ, ಓದಿದವರ ಗಮನಕ್ಕೂ ಬರುವುದಿಲ್ಲ. ಗುಣದ ಹೆಸರನ್ನು ತಿಳಿದಿರುವುದು ಬೇರೆ, ಗುಣವನ್ನು ಗುರುತಿಸುವ ಕಣ್ಣು ಬೇರೆ. ಮೊದಲನೆಯದನ್ನು ಕಲಿಸುವುದರಲ್ಲಿಯೇ ನಮ್ಮ ಬೋಧನೆ ತೃಪ್ತಿ ಪಟ್ಟುಕೊಂಡಿದೆ.

ಈ ಸ್ಥಿತಿಗೆ ಪ್ರಾಚೀನ ಕಾವ್ಯಮೀಮಾಂಸೆಯನ್ನೇ ಹೊಣೆಯಾಗಿಸುವ ಅಭಿಪ್ರಾಯವೊಂದು ಪ್ರಚಾರದಲ್ಲಿದೆ. ಗುಣ, ದೋಷ, ರೀತಿ, ಅಲಂಕಾರಗಳ ವರ್ಗೀಕರಣದ ಹುಚ್ಚು ನಮ್ಮ ಲಾಕ್ಷಣಿಕರಿಂದಲೇ ಬಂದುದು. ಆಧುನಿಕ ಬರವಣಿಗೆಯ ಬೋಧನೆಗೆ ಅವರಿಂದ ಪ್ರಯೋಜನವಿಲ್ಲ ಎಂಬುದು ಅದರ ಸಾರ. ಆದರೆ ಲಕ್ಷಣಗ್ರಂಥಗಳನ್ನು ಅವು ರಚಿತವಾದ ಉದ್ದೇಶದ ಬೆಳಕಿನಲ್ಲಿ ಓದಿದರೆ ಬೇರೊಂದು ಚಿತ್ರ ದೊರೆಯುತ್ತದೆ. ಅವು ಮೂಲತಃ ಬರೆಯುವವರಿಗೆ ಬರೆಯಲು ಕಲಿಸುವ ಗ್ರಂಥಗಳು. ಅವುಗಳಲ್ಲಿದ್ದ ಪಟ್ಟಿಯನ್ನು ಉಳಿಸಿಕೊಂಡು, ಪಟ್ಟಿಯ ಹಿಂದಿದ್ದ ಬೋಧನಾಕ್ರಮವನ್ನು ನಾವು ಕಳೆದುಕೊಂಡಿದ್ದೇವೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಕೇವಲ ಶಾಸ್ತ್ರೀಯ ಕುತೂಹಲದ ವಿಷಯವಲ್ಲ. ಶಾಲೆಯ ಮೆಟ್ಟಿಲನ್ನು ಮೊದಲ ಬಾರಿಗೆ ಹತ್ತಿದ ಮನೆತನಗಳ ಮಕ್ಕಳು ತಮ್ಮ ಅನುಭವವನ್ನು ಬರೆಯಬಲ್ಲರೇ, ಇಲ್ಲವೇ ಬೇರೆಯವರ ವಾಕ್ಯಗಳನ್ನು ನಕಲು ಮಾಡುತ್ತಲೇ ಉಳಿಯುವರೇ ಎಂಬ ಪ್ರಶ್ನೆ ಇದರೊಡನೆ ಹೆಣೆದುಕೊಂಡಿದೆ.

2

ಕನ್ನಡದಲ್ಲಿ ಉಪಲಬ್ಧವಾಗಿರುವ ಮೊದಲ ಗ್ರಂಥವೇ ಬರವಣಿಗೆಯನ್ನು ಕಲಿಸುವ ಗ್ರಂಥವಾಗಿರುವುದು ಅರ್ಥಪೂರ್ಣವಾಗಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸು. 850ರಲ್ಲಿ ರಚಿತವಾದ ‘ಕವಿರಾಜಮಾರ್ಗ’ದ ಕರ್ತೃ ಶ್ರೀವಿಜಯನೆಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾಗಿರುವ ಅಭಿಪ್ರಾಯ. 1898ರಲ್ಲಿ ಕೆ.ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಾದಂದಿನಿಂದ ಈ ಗ್ರಂಥದ ಕಾಲ, ಕರ್ತೃತ್ವ, ನಾಡಿನ ಎಲ್ಲೆಗಳನ್ನು ಕುರಿತು ವಿಪುಲವಾದ ಚರ್ಚೆ ನಡೆದಿದೆ. ದಂಡಿಯ ‘ಕಾವ್ಯಾದರ್ಶ’ಕ್ಕೆ ಇದು ಎಷ್ಟು ಋಣಿ ಎಂಬ ತೌಲನಿಕ ಅಧ್ಯಯನವೂ ನಡೆದಿದೆ. ಆದರೆ ಇದು ಒಬ್ಬ ಬೋಧಕನ ಗ್ರಂಥ ಎಂಬ ಅಂಶಕ್ಕೆ ಅಷ್ಟು ಮಹತ್ತ್ವ ದೊರೆತಂತೆ ಕಾಣುವುದಿಲ್ಲ.

ಗ್ರಂಥದ ಮೂರು ಪರಿಚ್ಛೇದಗಳ ಅನುಕ್ರಮವೇ ಗಮನಾರ್ಹವಾಗಿದೆ. ಮೊದಲನೆಯದು ದೋಷಾದೋಷಗಳ ನಿರ್ಣಯಕ್ಕೆ ಮೀಸಲು. ಅನಂತರದವು ಕ್ರಮವಾಗಿ ಶಬ್ದಾಲಂಕಾರ, ಅರ್ಥಾಲಂಕಾರಗಳಿಗೆ. ಶ್ಲೇಷ, ಪ್ರಸಾದ, ಸಮತೆ ಮೊದಲಾದ ಹತ್ತು ಗುಣಗಳ ನಿರೂಪಣೆ ಬರುವುದು ಎರಡನೆಯ ಪರಿಚ್ಛೇದದಲ್ಲಿ. ಎಂದರೆ ಕಲಿಯುವವನು ಮೊದಲು ಎಡವುವ ಸ್ಥಳಗಳನ್ನು ಕಾಣಬೇಕು, ಆಮೇಲೆ ಸೊಗಸಿನ ಮಾತು. ಇಮ್ಮಡಿ ನಾಗವರ್ಮನ ‘ಕಾವ್ಯಾವಲೋಕನ’ದಲ್ಲಿಯೂ ಇದೇ ವಿವೇಕವಿದೆ. ಅದರ ಐದು ಅಧಿಕರಣಗಳಲ್ಲಿ ಮೊದಲನೆಯದು ವ್ಯಾಕರಣವನ್ನು ಹೇಳುವ ‘ಶಬ್ದಸ್ಮೃತಿ’, ಎರಡನೆಯದು ‘ಕಾವ್ಯಮಲವ್ಯಾವೃತ್ತಿ’, ಮೂರನೆಯದು ‘ಗುಣವಿವೇಕ’. ದೋಷಪ್ರಕರಣಕ್ಕೆ ನಾಗವರ್ಮನು ಕೊಟ್ಟಿರುವ ಹೆಸರನ್ನು ಗಮನಿಸಬೇಕು. ಮಲವೆಂದರೆ ಕೊಳೆ, ಅದು ತೊಳೆದರೆ ಹೋಗುವಂಥದು. ದೋಷವು ಬರೆದವನ ಸ್ವಭಾವದ ಕುಂದಲ್ಲ, ಬರೆದುದರ ಮೇಲೆ ಕುಳಿತ ಕೊಳೆ ಎಂಬ ಧ್ವನಿ ಈ ಹೆಸರಿನಲ್ಲಿದೆ.

ಕವಿರಾಜಮಾರ್ಗಕಾರನ ವಿಶೇಷವಿರುವುದು ಉದಾಹರಣೆಗಳನ್ನು ಬಳಸುವ ರೀತಿಯಲ್ಲಿ. ಹಲವೆಡೆ ಅವನು ದೋಷದ ಲಕ್ಷಣವನ್ನು ಹೇಳಿ ನಿಲ್ಲುವುದಿಲ್ಲ. ದೋಷವಿರುವ ಪದ್ಯವನ್ನು ಕೊಟ್ಟು, ಅದೇ ಭಾವವನ್ನು ದೋಷ ಕಳೆದು ಮರಳಿ ರಚಿಸಿ ತೋರಿಸುತ್ತಾನೆ. ಓದುವವನ ಕಣ್ಣು ಒಂದರಿಂದ ಇನ್ನೊಂದಕ್ಕೆ ಚಲಿಸುವಾಗ ವ್ಯತ್ಯಾಸ ತಾನಾಗಿ ಗೋಚರಿಸುತ್ತದೆ. ದೋಷವನ್ನು ಇಂದ್ರಿಯಾನುಭವಕ್ಕೆ ತಂದುಕೊಡುವ ಹೋಲಿಕೆಗಳೂ ಇದೇ ಉದ್ದೇಶದವು. ಸಂಸ್ಕೃತ ಶಬ್ದವನ್ನೂ ಕನ್ನಡ ಶಬ್ದವನ್ನೂ ವಿವೇಚನೆಯಿಲ್ಲದೆ ಸಮಾಸ ಮಾಡುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರಸಿದಂತೆ ಎಂದು ಅವನು ಹೇಳುತ್ತಾನೆ. 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದ ನಯಸೇನನು ಕನ್ನಡದಲ್ಲಿ ಸಂಸ್ಕೃತವನ್ನು ಬೆರಸುವುದನ್ನು ತುಪ್ಪ ಮತ್ತು ಎಣ್ಣೆಗಳ ಬೆರಕೆಗೆ ಹೋಲಿಸಿದಾಗಲೂ ನೆರವಿಗೆ ಬಂದುದು ಅಡುಗೆಮನೆಯೇ. ಇವರ ಸಂಸ್ಕೃತ-ಕನ್ನಡ ನಿಲುವುಗಳು ಇಂದು ಪೂರ್ಣವಾಗಿ ಒಪ್ಪಿಗೆಯಾಗಬೇಕೆಂದಿಲ್ಲ. ಆದರೆ ಹಾಲು ಒಡೆಯುವುದನ್ನು ಕಂಡಿರುವ ಯಾರಿಗಾದರೂ ತಿಳಿಯುವಂತೆ ಶೈಲಿಯ ದೋಷವನ್ನು ವಿವರಿಸುವುದು ಬೋಧಕನ ಜಾಣ್ಮೆ ಎಂಬುದನ್ನು ಒಪ್ಪಲೇಬೇಕು.

3

ಕವಿರಾಜಮಾರ್ಗದ ಬೋಧನಾದೃಷ್ಟಿಯ ತಿರುಳು ಇರುವುದು ಕಾಡಿಗೆಯ ಹೋಲಿಕೆಯಲ್ಲಿ. ಕಣ್ಣು ತನ್ನಲ್ಲಿಯೇ ಇರುವ ಕಾಡಿಗೆಯನ್ನು ಕಾಣಲಾರದು. ಹಾಗೆಯೇ ಏನು ಮಾಡಿದರೂ ಮನುಷ್ಯನಿಗೆ ತನ್ನ ದೋಷ ಕಾಣದು. ಆದುದರಿಂದ ಕೃತಿಯನ್ನು ಮೊದಲೇ ಇತರರಿಂದ ಓದಿಸಿ ನೋಡಬೇಕು ಎಂಬುದು ಅವನ ಸಲಹೆ. ಇದನ್ನು ಸಾಮಾನ್ಯವಾಗಿ ವಿನಯವನ್ನು ಬೋಧಿಸುವ ಸುಭಾಷಿತವೆಂಬಂತೆ ಉಲ್ಲೇಖಿಸುವುದುಂಟು. ವಾಸ್ತವವಾಗಿ ಇದು ಬರವಣಿಗೆಯ ಸ್ವರೂಪವನ್ನು ಕುರಿತ ಖಚಿತವಾದ ತಿಳಿವಳಿಕೆ. ಬರೆದವನಿಗೆ ತಾನು ಹೇಳಬಯಸಿದ್ದು ಮೊದಲೇ ತಿಳಿದಿರುವುದರಿಂದ, ಪುಟದಲ್ಲಿ ಇಲ್ಲದ ಅರ್ಥವನ್ನೂ ಅವನು ಓದಿಕೊಳ್ಳುತ್ತಾನೆ. ಆ ಅರ್ಥ ಪುಟದಲ್ಲಿ ಇದೆಯೇ ಇಲ್ಲವೇ ಎಂಬುದನ್ನು ಹೇಳಬಲ್ಲವನು ಇನ್ನೊಬ್ಬ ಓದುಗ ಮಾತ್ರ. ಕಾಡಿಗೆಯೇನೂ ಕೊಳೆಯಲ್ಲ, ಅಲಂಕಾರವೇ ಎಂಬ ಸೂಕ್ಷ್ಮವೂ ಇಲ್ಲಿದೆ. ಬರೆದವನು ಸೊಗಸೆಂದು ಹಚ್ಚಿಕೊಂಡದ್ದೇ ಕದಡಿ ಮುಖಕ್ಕೆ ಮೆತ್ತಿಕೊಂಡಿರಬಹುದು. ಅದು ಅವನಿಗೊಬ್ಬನಿಗೇ ಕಾಣದು.

ಇದೇ ತಿಳಿವಳಿಕೆಯನ್ನು ಸಂಸ್ಕೃತದಲ್ಲಿ ಕ್ರಮಬದ್ಧವಾದ ಅಭ್ಯಾಸವಾಗಿ ನಿರೂಪಿಸಿದವನು 10ನೆಯ ಶತಮಾನದ ರಾಜಶೇಖರ. ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ದಿನಚರಿಯನ್ನು ಹೇಳುವಾಗ ಅವನು ಹಗಲನ್ನು ನಾಲ್ಕು ಪ್ರಹರಗಳಾಗಿ ವಿಭಾಗಿಸಿ, ನಾಲ್ಕನೆಯ ಪ್ರಹರವನ್ನು ಬೆಳಿಗ್ಗೆ ರಚಿಸಿದುದರ ಪರೀಕ್ಷೆಗೆ ಮೀಸಲಿಡುತ್ತಾನೆ. ರಸಾವೇಶದಲ್ಲಿ ರಚಿಸುವವನಿಗೆ ವಿವೇಚಿಸುವ ದೃಷ್ಟಿ ಇರುವುದಿಲ್ಲ. ಆದಕಾರಣ ಬರೆದುದನ್ನು ಏಕಾಂತದಲ್ಲಾಗಲಿ ಕೆಲವೇ ಮಂದಿಯ ಸಮಕ್ಷಮದಲ್ಲಾಗಲಿ ಮತ್ತೆ ಪರೀಕ್ಷಿಸಬೇಕು. ಹೆಚ್ಚಾದುದನ್ನು ಬಿಡುವುದು, ಕಡಿಮೆಯಾದುದನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಬದಲಿಸುವುದು, ಮರೆತುದನ್ನು ನೆನೆದು ಸೇರಿಸುವುದು ಎಂಬ ನಾಲ್ಕು ಕೆಲಸಗಳನ್ನು ಅವನು ಹೆಸರಿಸುತ್ತಾನೆ. ತಿದ್ದುವಿಕೆಯನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ. ಪದವನ್ನು ಇಡುವುದು, ತೆಗೆಯುವುದು, ಮತ್ತೆ ಇಡುವುದು. ಕೊನೆಗೆ ಬದಲಾವಣೆಯನ್ನು ಸಹಿಸದ ಪದ ನಿಲ್ಲುವುದು. ಇದನ್ನೇ ಪ್ರಾಚೀನರು ಶಬ್ದಪಾಕವೆಂದರು. ಪಾಕವೆಂಬ ಮಾತಿನಲ್ಲಿ ಕಾಲದ, ಕಾಯುವಿಕೆಯ ಕಲ್ಪನೆ ಅಡಗಿದೆ.

11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನನ್ನೂ ಇಲ್ಲಿ ನೆನೆಯಬೇಕು. ‘ಕವಿಕಂಠಾಭರಣ’ದಲ್ಲಿ ಅವನು ಅಲ್ಪಪ್ರಯತ್ನದಿಂದ ಕಲಿಯುವವರು, ಕಷ್ಟಪಟ್ಟು ಕಲಿಯುವವರು, ಕಲಿಯಲಾರದವರು ಎಂದು ಶಿಷ್ಯರಲ್ಲಿ ಮೂರು ಬಗೆಯನ್ನು ಗುರುತಿಸುತ್ತಾನೆ. ಮೂರನೆಯ ಬಗೆ ಇಂದಿನ ಶಿಕ್ಷಣದ ತತ್ತ್ವಕ್ಕೆ ಒಪ್ಪಿಗೆಯಾಗದು. ಆದರೆ ‘ಔಚಿತ್ಯವಿಚಾರಚರ್ಚೆ’ಯಲ್ಲಿ ಮಹಾಕವಿಗಳ ಪದ್ಯಗಳ ಅನೌಚಿತ್ಯವನ್ನು ಎತ್ತಿ ತೋರಿಸುವ ಅದೇ ಕ್ಷೇಮೇಂದ್ರನು ತನ್ನ ಪದ್ಯಗಳನ್ನೂ ಆ ಪರೀಕ್ಷೆಯಿಂದ ಹೊರಗಿಡುವುದಿಲ್ಲ. ತನ್ನ ಬರವಣಿಗೆಯ ದೋಷವನ್ನು ಶಿಷ್ಯರ ಮುಂದಿಡುವ ಗುರುವಿನ ಈ ಧೈರ್ಯ ನಮ್ಮ ಎಷ್ಟು ತರಗತಿಗಳಲ್ಲಿ ಕಂಡೀತು?

4

ಈ ಹಿನ್ನೆಲೆಯಲ್ಲಿ ಇಂದಿನ ಪ್ರಬಂಧಲೇಖನದ ಸ್ಥಿತಿಯನ್ನು ಪರಿಶೀಲಿಸಬಹುದು. ಪ್ರೌಢಶಾಲೆಯ ಪ್ರಥಮಭಾಷಾ ಪರೀಕ್ಷೆಯಲ್ಲಿ ಪ್ರಬಂಧ, ಪತ್ರಲೇಖನ, ಗಾದೆಯ ವಿಸ್ತರಣೆಗಳಿಗೆ ಸ್ಥಾನವಿದೆ. ಗಾದೆ ಯಾವುದೇ ಇರಲಿ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬಲ್ಲಿಂದ ಆರಂಭವಾಗುವ ಉತ್ತರಗಳನ್ನು ಮೌಲ್ಯಮಾಪಕರೆಲ್ಲರೂ ಬಲ್ಲರು. ವಿದ್ಯಾರ್ಥಿ ಒಮ್ಮೆ ಬರೆಯುತ್ತಾನೆ, ಅಧ್ಯಾಪಕರು ಒಮ್ಮೆ ಓದುತ್ತಾರೆ, ಅಂಕ ಬೀಳುತ್ತದೆ, ವ್ಯವಹಾರ ಮುಗಿಯುತ್ತದೆ. ರಾಜಶೇಖರನ ನಾಲ್ಕನೆಯ ಪ್ರಹರಕ್ಕೆ ಇಲ್ಲಿ ಅವಕಾಶವೇ ಇಲ್ಲ. ಕೆಂಪು ಶಾಯಿ ಬೀಳುವುದು ಹೆಚ್ಚಾಗಿ ಕಾಗುಣಿತ, ಒತ್ತಕ್ಷರ, ಅಲ್ಪಪ್ರಾಣ-ಮಹಾಪ್ರಾಣಗಳ ಮೇಲೆ.

ವಿವೇಚನೆಗಾಗಿ ಇಲ್ಲಿಯೇ ರಚಿಸಿದ ಒಂದು ಮಾದರಿಯನ್ನು ನೋಡೋಣ. ವಿಷಯ: ಕೆರೆ.

‘ಕೆರೆಗಳು ಮಾನವನ ಜೀವನದಲ್ಲಿ ಅತ್ಯಂತ ಮಹತ್ವಪೂರ್ಣವಾದ ಪಾತ್ರವನ್ನು ವಹಿಸುತ್ತವೆ. ಪುರಾತನ ಕಾಲದಿಂದಲೂ ಕೆರೆಗಳು ನಮ್ಮ ಸಂಸ್ಕೃತಿಯ ಅವಿಭಾಜ್ಯ ಅಂಗವಾಗಿವೆ. ಆದ್ದರಿಂದ ನಾವೆಲ್ಲರೂ ಕೆರೆಗಳನ್ನು ಸಂರಕ್ಷಿಸಬೇಕಾಗಿರುವುದು ನಮ್ಮೆಲ್ಲರ ಆದ್ಯ ಕರ್ತವ್ಯವಾಗಿದೆ.’

ಇಲ್ಲಿ ಕಾಗುಣಿತದ ತಪ್ಪಿಲ್ಲ. ಇದಕ್ಕೆ ಒಳ್ಳೆಯ ಅಂಕವೇ ಬರುತ್ತದೆ. ಆದರೆ ‘ಕೆರೆ’ ಎಂಬ ಪದವನ್ನು ತೆಗೆದು ‘ಅರಣ್ಯ’ ಎಂದಾಗಲಿ ‘ಗ್ರಂಥಾಲಯ’ ಎಂದಾಗಲಿ ಇಟ್ಟರೂ ಮೂರು ವಾಕ್ಯಗಳು ಏನೂ ನೋಯದೆ ನಿಲ್ಲುತ್ತವೆ. ಪದವು ಬದಲಾವಣೆಯನ್ನು ಸಹಿಸದಿರುವುದೇ ಪಾಕವಾದರೆ, ಇಲ್ಲಿ ವಿಷಯವೇ ಬದಲಾವಣೆಯನ್ನು ಸಹಿಸಿಕೊಂಡಿದೆ. ‘ನಾವೆಲ್ಲರೂ’, ‘ನಮ್ಮೆಲ್ಲರ’ ಎಂಬ ಪುನರುಕ್ತಿ, ‘ಬೇಕಾಗಿರುವುದು’ ಎಂದ ಮೇಲೆ ಮತ್ತೆ ಬಂದ ‘ಕರ್ತವ್ಯ’, ಹೇಳಬೇಕಾದ ಅರ್ಥ ಮಾತಿನಲ್ಲಿಯೇ ಪೂರ್ಣವಾಗಿ ದೊರೆಯಬೇಕೆನ್ನುವ ‘ಅರ್ಥವ್ಯಕ್ತಿ’ ಎಂಬ ಗುಣದ ಅಭಾವ ಇವು ಇಲ್ಲಿನ ದೋಷಗಳು. ಓದಿದ ಸಹಪಾಠಿಯೊಬ್ಬನು ‘ಯಾವ ಕೆರೆ?’ ಎಂದು ಕೇಳಿದನೆಂದು ಭಾವಿಸೋಣ. ಆಗ ಮರುಬರಹ ಹೀಗಾಗಬಹುದು:

‘ನಮ್ಮೂರ ಕೆರೆಯ ತೂಬು ಒಡೆದು ಎರಡು ಮಳೆಗಾಲ ಕಳೆದವು. ಬಿದ್ದ ನೀರು ನಿಲ್ಲುವುದಿಲ್ಲ. ಕೆರೆಯ ಕೆಳಗೆ ಭತ್ತ ಬೆಳೆಯುತ್ತಿದ್ದವರು ಈಗ ರಾಗಿ ಬಿತ್ತುತ್ತಾರೆ.’

ಎರಡನೆಯದರಲ್ಲಿ ಅಲಂಕಾರವಿಲ್ಲ, ಕರ್ತವ್ಯದ ಉಪದೇಶವಿಲ್ಲ. ಆದರೂ ಕೆರೆಯನ್ನು ಏಕೆ ಉಳಿಸಿಕೊಳ್ಳಬೇಕೆಂಬುದು ಮೊದಲನೆಯದಕ್ಕಿಂತ ಇಲ್ಲಿ ಹೆಚ್ಚು ಮನವರಿಕೆಯಾಗುತ್ತದೆ. ಸ್ಪಷ್ಟತೆ ಎಂಬ ಗುಣವನ್ನು ಹತ್ತು ಬಾರಿ ನಿರ್ವಚಿಸುವುದಕ್ಕಿಂತ ಈ ಎರಡು ತುಣುಕುಗಳನ್ನು ಅಕ್ಕಪಕ್ಕದಲ್ಲಿ ಇಡುವುದು ಹೆಚ್ಚು ಫಲಕಾರಿ. ಕವಿರಾಜಮಾರ್ಗಕಾರನು ಮಾಡಿದ್ದೂ ಇಂಥದನ್ನೇ. ಇಷ್ಟೇ ಅಲ್ಲ, ಮೊದಲ ತುಣುಕನ್ನು ಬರೆಯಲು ವಿದ್ಯಾರ್ಥಿಗೆ ಗೈಡು ಸಾಕು, ಎರಡನೆಯದಕ್ಕೆ ಅವನು ತನ್ನ ಊರನ್ನು ನೋಡಬೇಕು. ಒಳ್ಳೆಯ ಬರವಣಿಗೆಯ ಬೋಧನೆ ಕೊನೆಗೂ ನೋಡುವುದರ ಬೋಧನೆ.

5

ತಪ್ಪಿನ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅದು ಹೆಚ್ಚು ನೋವಿನದು. ಮೇಲಿನ ಕೆರೆಯ ಕುರಿತು ಬರೆಯುವ ಉತ್ತರ ಕರ್ನಾಟಕದ ಹುಡುಗಿ ‘ಏರಿ’ ಎನ್ನುವ ಕಡೆ ‘ಒಡ್ಡು’ ಎಂದು ಬರೆದಾಳು. ಅದು ತಪ್ಪೆಂದು ಅಡಿಗೆರೆ ಬಿದ್ದರೆ ಅವಳು ಕಲಿಯುವುದು ಏರಿ ಎಂಬ ಪದವನ್ನಲ್ಲ. ಮನೆಯಲ್ಲಿ ಅಪ್ಪ ಅವ್ವ ಆಡುವ ಮಾತು ಬರೆಯತಕ್ಕುದಲ್ಲ ಎಂಬ ಪಾಠವನ್ನು. ಅನಂತರ ಅವಳು ಸುರಕ್ಷಿತವಾದ, ಯಾರದೂ ಅಲ್ಲದ ವಾಕ್ಯಗಳಿಗೆ ಮೊರೆಹೋಗುತ್ತಾಳೆ. ‘ಮಹತ್ವಪೂರ್ಣವಾದ ಪಾತ್ರ’ ಹುಟ್ಟುವುದು ಹೀಗೆ. ನಾವು ಶೈಲಿಯ ಜಡತೆಯೆಂದು ದೂರುವುದು ಎಷ್ಟೋ ಬಾರಿ ಭಯದ ಫಲ.

ವಿಪರ್ಯಾಸವೆಂದರೆ, ಇದೇ ತರಗತಿಯಲ್ಲಿ ಬೇಂದ್ರೆಯವರ ಧಾರವಾಡದ ನುಡಿಯ ಸೊಗಸನ್ನು ವಿವರಿಸಲಾಗುತ್ತದೆ. ದೇವನೂರ ಮಹಾದೇವರ ‘ಕುಸುಮಬಾಲೆ’ ಆಡುಮಾತಿಗೆ ತಂದುಕೊಟ್ಟ ಕಾವ್ಯಶಕ್ತಿಯನ್ನು ಕುರಿತು ಸಂಶೋಧನೆ ನಡೆಯುತ್ತದೆ. ಪಠ್ಯದಲ್ಲಿ ಗುಣವಾದುದು ನೋಟ್‌ಬುಕ್ಕಿನಲ್ಲಿ ದೋಷವಾಗುವುದು ಯಾವ ನ್ಯಾಯದಿಂದ ಎಂಬ ಪ್ರಶ್ನೆಗೆ ನಮ್ಮ ಬೋಧನಾಕ್ರಮ ಉತ್ತರಿಸಬೇಕಾಗಿದೆ.

ಕವಿರಾಜಮಾರ್ಗಕಾರನಿಗೆ ಈ ಸಮಸ್ಯೆಯ ಅರಿವಿತ್ತು. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿನ ದೋಷ ಇಷ್ಟೇ ಎಂದು ಖಚಿತವಾಗಿ ಹೇಳಹೊರಟರೆ ವಾಸುಕಿಯೂ ಅರಿಯಲಾರದೆ ಬೇಸತ್ತಾನು ಎಂದು ಅವನು ಒಪ್ಪಿಕೊಳ್ಳುತ್ತಾನೆ. ಇಲ್ಲಿ ಬಳಕೆಯಾಗಿರುವುದು ‘ಕನ್ನಡಗಳು’ ಎಂಬ ಬಹುವಚನ. ಕೆ.ವಿ. ಸುಬ್ಬಣ್ಣನವರು ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಕೃತಿಯಲ್ಲಿ ಈ ಬಹುತ್ವದ ಕಡೆಗೆ ನಮ್ಮ ಗಮನವನ್ನು ಸೆಳೆದರು. ನಾಡವರು ಉದ್ದೇಶಪೂರ್ವಕವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರು, ಚಿಕ್ಕ ಮಕ್ಕಳೂ ಮೂಗರೂ ತಮಗೆ ತಿಳಿದುದನ್ನು ತಿಳಿಸಬಲ್ಲರು ಎಂಬ ಅವನ ಮಾತುಗಳು ನಾಡಹೆಮ್ಮೆಯ ಭಾಷಣಗಳಲ್ಲಿ ಮತ್ತೆ ಮತ್ತೆ ಉದ್ಧೃತವಾಗುತ್ತವೆ. ಇವು ಬೋಧನೆಯ ತತ್ತ್ವವೂ ಹೌದು: ಕಲಿಯಲು ಬರುವವನು ಖಾಲಿ ಪಾತ್ರೆಯಲ್ಲ, ನುಡಿಬಲ್ಲವನು. ಬರವಣಿಗೆಯ ಬೋಧನೆ ಆ ಬಲ್ಲವಿಕೆಯಿಂದಲೇ ಆರಂಭವಾಗಬೇಕು.

ಹಾಗೆಂದು ಈ ಗ್ರಂಥವನ್ನು ಇಂದಿನ ಪ್ರಜಾಸತ್ತಾತ್ಮಕ ಆಶಯಗಳ ಪ್ರಣಾಳಿಕೆಯಂತೆ ಓದುವುದು ಅತಿರೇಕವಾದೀತು. ಅದು ಆಸ್ಥಾನದಲ್ಲಿ ರಚಿತವಾದ ಕೃತಿ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನೊಳಗೂ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪ್ರದೇಶದ ಕನ್ನಡವನ್ನೇ ತಿರುಳೆಂದು ಅದು ಗುರುತಿಸುತ್ತದೆ. ಬಹುತ್ವವನ್ನು ಒಪ್ಪುತ್ತಲೇ ಒಂದು ಪ್ರಮಾಣವನ್ನು ಕಟ್ಟುವ ಈ ಇಬ್ಬಂದಿ ಅದರೊಳಗಿದೆ. ಭಾಷೆಯನ್ನು ಕಲಿಸುವ ಯಾರಿಗೂ ಅದು ತಪ್ಪಿದ್ದಲ್ಲ. ಶಿಷ್ಟ ಬರವಣಿಗೆಯನ್ನು ಕಲಿಸದಿರುವುದೂ ಉದಾರತೆಯಲ್ಲ. ಅರ್ಜಿ, ವರದಿ, ಸಂಶೋಧನ ಪ್ರಬಂಧಗಳ ಭಾಷೆ ಯಾರಿಗೆ ಮನೆಯಲ್ಲಿ ದೊರೆಯುವುದಿಲ್ಲವೋ ಅವರಿಗೆ ಅದು ಶಾಲೆಯಲ್ಲಿಯೇ ದೊರೆಯಬೇಕು. ಅದನ್ನು ತಡೆಹಿಡಿದರೆ ನಷ್ಟ ಅವರದೇ. ಪ್ರಶ್ನೆ ಇರುವುದು ದೋಷಕ್ಕೂ ಭೇದಕ್ಕೂ ಇರುವ ಅಂತರವನ್ನು ಕಾಣುವುದರಲ್ಲಿ. ‘ಒಡ್ಡು’ ಭೇದ; ಯಾವ ಒಡ್ಡು ಎಂಬುದು ತಿಳಿಯದಂತೆ ಬರೆದರೆ ಅದು ದೋಷ. ಅಕಡೆಮಿಕ್ ವರದಿಯಲ್ಲಿ ಎಲ್ಲ ಪ್ರದೇಶದ ಓದುಗರಿಗೆ ತಿಳಿಯಲೆಂದು ‘ಏರಿ’ ಎಂಬುದನ್ನೂ ಸೇರಿಸುವುದು ಔಚಿತ್ಯ.

ದೋಷವೂ ಸಂದರ್ಭದಿಂದ ಅದೋಷವಾಗುತ್ತದೆ ಎಂಬ ವಿವೇಕ ಲಾಕ್ಷಣಿಕರಲ್ಲಿದೆ. ಪುನರುಕ್ತಿಯನ್ನು ದೋಷವೆಂದ ದಂಡಿಯೇ, ಅನುಕಂಪ ಮೊದಲಾದ ಭಾವಗಳ ಅತಿಶಯವನ್ನು ಹೇಳಬೇಕಾದಲ್ಲಿ ಅದು ದೋಷವಲ್ಲ ಎಂದಿದ್ದಾನೆ. ಕವಿರಾಜಮಾರ್ಗದ ಮೊದಲ ಪರಿಚ್ಛೇದ ದೋಷದ ಜೊತೆಗೆ ಅದೋಷವನ್ನೂ ನಿರ್ಣಯಿಸುತ್ತದೆ. ಯಾರಿಗೆ, ಎಲ್ಲಿ, ಯಾತಕ್ಕೆ ಎಂಬ ಪ್ರಶ್ನೆಗಳನ್ನು ಕೇಳದೆ ಗುಣವನ್ನಾಗಲಿ ದೋಷವನ್ನಾಗಲಿ ನಿರ್ಣಯಿಸಲಾಗದು ಎಂಬುದೇ ಇದರ ತಾತ್ಪರ್ಯ.

6

ಅರವತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಪ್ರತಿಯೊಬ್ಬರ ಪ್ರಬಂಧವನ್ನೂ ಎರಡೆರಡು ಬಾರಿ ತಿದ್ದುವುದು ಸಾಧ್ಯವೇ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಕಾಡಿಗೆಯ ಪದ್ಯ ಗುರುವಿನಿಂದ ಓದಿಸಬೇಕೆಂದು ಹೇಳುವುದಿಲ್ಲ, ಇತರರಿಂದ ಎನ್ನುತ್ತದೆ. ಆ ಇತರರು ಪಕ್ಕದ ಬೆಂಚಿನಲ್ಲಿಯೇ ಇದ್ದಾರೆ. ಒಬ್ಬರು ಬರೆದುದನ್ನು ಇನ್ನೊಬ್ಬರು ಓದಿ, ಎಲ್ಲಿ ತಿಳಿಯಲಿಲ್ಲವೆಂದು ಹೇಳುವುದಕ್ಕೆ ಪಾಂಡಿತ್ಯ ಬೇಡ. ಅಧ್ಯಾಪಕರು ವಾರಕ್ಕೊಂದು ಬರಹವನ್ನು, ಬರೆದವರ ಹೆಸರು ಹೇಳದೆ, ಕಪ್ಪುಹಲಗೆಯ ಮೇಲೆ ಬರೆದು ಎಲ್ಲರ ಎದುರಿನಲ್ಲಿ ತಿದ್ದಬಹುದು. ಕ್ಷೇಮೇಂದ್ರನಂತೆ ಒಮ್ಮೊಮ್ಮೆ ತಮ್ಮದನ್ನೂ.

ಇದು ನಮಗೆ ಅಪರಿಚಿತವಾದ ಮಾರ್ಗವೇನೂ ಅಲ್ಲ. ಆಧುನಿಕ ಕನ್ನಡ ಸಾಹಿತ್ಯದ ಅರುಣೋದಯ ಕಾಲದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ, 1920ರ ದಶಕದ ಧಾರವಾಡದ ಗೆಳೆಯರ ಗುಂಪು ಮೊದಲಾದ ಕೂಟಗಳು ಎಳೆಯ ಬರಹಗಾರರಿಗೆ ದೊರಕಿಸಿಕೊಟ್ಟದ್ದು ಮುಖ್ಯವಾಗಿ ಇಂಥ ಇತರರ ಕಣ್ಣನ್ನೇ. ಆ ಪೀಳಿಗೆಯ ಸಾಧನೆಯನ್ನು ಪ್ರತಿಭೆಯ ಲೆಕ್ಕಕ್ಕೆ ಮಾತ್ರ ಬರೆದು, ಆ ಪ್ರತಿಭೆಯನ್ನು ಓದಿ ತಿದ್ದಿದ ಗೆಳೆತನವನ್ನು ನಮ್ಮ ಸಾಹಿತ್ಯಚರಿತ್ರೆ ಅಂಚಿಗೆ ಸರಿಸಿದೆ. ತರಗತಿಯೂ ಅಂಥದೊಂದು ಕೂಟವಾಗಬಲ್ಲದು.

ಗುಣಗಳ ಪಟ್ಟಿಯನ್ನು ಕೈಬಿಡಬೇಕೆಂದು ಇಲ್ಲಿ ವಾದಿಸುತ್ತಿಲ್ಲ. ಕಂಡದ್ದಕ್ಕೆ ಹೆಸರು ಬೇಕು. ಹೆಸರಿಲ್ಲದೆ ಚರ್ಚೆ ಸಾಗದು. ಆದರೆ ಕಾಣುವ ಮೊದಲೇ ಹೆಸರನ್ನು ಕೊಟ್ಟರೆ ಹೆಸರು ಮಾತ್ರ ಉಳಿಯುತ್ತದೆ. ಮೊದಲು ಬರಹ, ಅನಂತರ ಓದುಗ, ಅನಂತರ ಮರುಬರಹ, ಕೊನೆಗೆ ಪರಿಭಾಷೆ ಎಂಬ ಕ್ರಮವನ್ನು ಮತ್ತೆ ಸ್ಥಾಪಿಸಬೇಕಾಗಿದೆ. ಕನ್ನಡದ ಮೊದಲ ಉಪಲಬ್ಧ ಗ್ರಂಥವು ಬರೆಯುವವನಿಗೆ ಹೇಳಿದ್ದು ಇನ್ನೊಬ್ಬರಿಗೆ ತೋರಿಸು ಎಂದು. ಸಾವಿರದ ನೂರೆಪ್ಪತ್ತಕ್ಕೂ ಹೆಚ್ಚು ವರ್ಷಗಳ ಅನಂತರ ಆ ಸಲಹೆಯನ್ನು ನಮ್ಮ ಮಕ್ಕಳಿಗೆ ತಲುಪಿಸಲು ಹೊಸ ಸಿದ್ಧಾಂತವೇನೂ ಬೇಕಾಗಿಲ್ಲ. ವಾರದಲ್ಲಿ ಒಂದು ಅವಧಿ ಸಾಕು.